ಯಾವ ಓದುಗ, ಯಾವ ನುಡಿ? ರಂಗನಾಥನ್ ಅವರ ಪಂಚಸೂತ್ರಗಳ ಮರುಓದು

ಎಸ್. ಆರ್. ರಂಗನಾಥನ್ ಅವರ ‘ದಿ ಫೈವ್ ಲಾಸ್ ಆಫ್ ಲೈಬ್ರರಿ ಸೈನ್ಸ್’ ಕೃತಿಯನ್ನು ಮದರಾಸು ಗ್ರಂಥಾಲಯ ಸಂಘವು 1931ರಲ್ಲಿ ಪ್ರಕಟಿಸಿತು. ಭಾರತದ ಸಾರ್ವಜನಿಕ ಗ್ರಂಥಾಲಯಗಳ ಚರಿತ್ರೆಯನ್ನು ಬರೆಯುವವರೆಲ್ಲ ಈ ಕೃತಿಗೆ ಕೈಮುಗಿದು ಮುಂದೆ ಸಾಗುತ್ತಾರೆ. ಕೃತಿಯೊಡನೆ ವಾದಕ್ಕೆ ನಿಲ್ಲುವವರು ವಿರಳ. ಗಡಿನಾಡ ಕನ್ನಡಿಗರಿಗಂತೂ ಇದು ದೂರದ ಗ್ರಂಥವಲ್ಲ. ಅದು ಹೊರಬಂದಾಗ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದರಾಸು ಪ್ರಾಂತ್ಯದೊಳಗೇ ಇದ್ದವು. ರಂಗನಾಥನ್ ಅವರೇ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಯನ್ನಾರಂಭಿಸಿದವರು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲ್ಲೂಕು.

ಕೃತಿಯ ಬಲವಿರುವುದು ಅದರ ದೃಷ್ಟಾಂತಗಳಲ್ಲಿ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಪುಸ್ತಕವಿರುವುದು ಬಳಕೆಗೆ ಎಂಬ ಮೊದಲ ಸೂತ್ರವು ಆ ಸರಪಳಿಯನ್ನು ಕಳಚುವ ಕಥೆಯಾಗಿ ಬೆಳೆಯುತ್ತದೆ. ಎರಡನೆಯ ಸೂತ್ರ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವನ್ನು ಕೇಳುತ್ತದೆ. ಇಲ್ಲಿ ರಂಗನಾಥನ್ ವಂಚಿತರನ್ನು ಜೋಡಿಜೋಡಿಯಾಗಿ ನಿಲ್ಲಿಸುತ್ತಾರೆ: ಉಳ್ಳವರು ಮತ್ತು ಜನಸಾಮಾನ್ಯರು, ಗಂಡಸರು ಮತ್ತು ಹೆಂಗಸರು, ಪಟ್ಟಣಿಗರು ಮತ್ತು ಹಳ್ಳಿಗರು, ಹಿರಿಯರು ಮತ್ತು ಮಕ್ಕಳು, ನೆಲದವರ ಎದುರಿಗೆ ಕಡಲ ಮೇಲಿನ ನಾವಿಕರನ್ನೂ ಮರೆಯುವುದಿಲ್ಲ. ಇಷ್ಟು ಉದಾರವಾದ ಸಾಲಿನಲ್ಲಿ ಬಹುಸಂಖ್ಯಾತರ ನುಡಿಯವನು ಮತ್ತು ಅಲ್ಪಸಂಖ್ಯಾತರ ನುಡಿಯವನು ಎಂಬ ಜೋಡಿ ಮಾತ್ರ ಇಲ್ಲ. ಭಾಷಾವಾರು ರಾಜ್ಯಗಳಿಲ್ಲದ ಆ ಕಾಲದಲ್ಲಿ, ಹಲವು ನುಡಿಗಳ ಪ್ರಾಂತ್ಯದಲ್ಲಿ ಬರೆಯುತ್ತಿದ್ದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಸೂತ್ರ ಶಾಸನವಾದಾಗ ಈ ಬಿಡುವು ದೊಡ್ಡದಾಯಿತು.

ಶಾಸನಗಳು ಹೀಗೆ ಅರ್ಧ ದಾರಿಯಲ್ಲಿ ನಿಲ್ಲುವುದು ಹೊಸದೇನಲ್ಲ. 1850ರ ಇಂಗ್ಲೆಂಡಿನ ಕಾಯಿದೆಯು ಗ್ರಂಥಾಲಯಕ್ಕಾಗಿ ತೆರಿಗೆ ಎತ್ತಲು ಪಟ್ಟಣಗಳಿಗೆ ಅನುಮತಿ ಕೊಟ್ಟಿತು. ಆ ಹಣದಲ್ಲಿ ಪುಸ್ತಕ ಕೊಳ್ಳಲು ಮಾತ್ರ ಅವಕಾಶವಿರಲಿಲ್ಲ! ಕಟ್ಟಡವಿದ್ದರೆ ಪುಸ್ತಕಗಳನ್ನು ದಾನಿಗಳು ಕೊಟ್ಟಾರೆಂಬ ನಂಬಿಕೆ. ಈ ಲೋಪ 1855ರಲ್ಲಿ ಸರಿಯಾಯಿತು.

ರಂಗನಾಥನ್ ಅವರ ಶ್ರಮದ ಫಲವಾದ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಪುಸ್ತಕವನ್ನು ಮರೆಯಲಿಲ್ಲ. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈ ಕರ, ಮದರಾಸು ನಗರದ ಹೊರಗೆ ಆ ಕರಕ್ಕೆ ಕಡಿಮೆಯಿಲ್ಲದಷ್ಟು ಸರ್ಕಾರಿ ಅನುದಾನ: ವ್ಯವಸ್ಥೆ ಗಟ್ಟಿಯಾಗಿಯೇ ಇತ್ತು. ದೌರ್ಬಲ್ಯವಿದ್ದದ್ದು ಅದರ ಅಳತೆಗೋಲಿನಲ್ಲಿ. ಜಿಲ್ಲೆಯೇ ಘಟಕವಾದಾಗ ಜಿಲ್ಲೆಯ ಅಂಚಿನ ತಾಲ್ಲೂಕಿನ ನುಡಿ ಎಣಿಕೆಯಲ್ಲಿ ಸೋಲುತ್ತದೆ. 1953ರಲ್ಲಿ ಆದವಾನಿ, ರಾಯದುರ್ಗ, ಮಡಕಶಿರಾಗಳು ಆಂಧ್ರಕ್ಕೆ ಸೇರಿದವು. 1956ರಲ್ಲಿ ಕಾಸರಗೋಡು, ವಯನಾಡುಗಳು ಕೇರಳಕ್ಕೆ ಸೇರಿದವು. ಉಳಿದವು ಮದರಾಸಿನಲ್ಲೇ ನಿಂತವು. ಒಂದೇ ಕಾಯಿದೆಯ ಕೆಳಗಿದ್ದ ಕನ್ನಡ ಓದುಗರು ಕಾಲಕ್ರಮದಲ್ಲಿ ಮೂರು ಕಾಯಿದೆಗಳ ಪಾಲಾದರು. ತಾಳವಾಡಿಯ ಮನೆಯೊಡೆಯ ಗ್ರಂಥಾಲಯ ಕರವನ್ನು ನೆರೆಯವನ ದರದಲ್ಲೇ ತೆರುತ್ತಾನೆ. ಆ ಹಣ ಯಾವ ನುಡಿಯ ಪುಸ್ತಕವಾಗಿ ಮರಳುತ್ತದೆ ಎಂಬುದು ಜಿಲ್ಲಾ ಕೇಂದ್ರದಲ್ಲಿ ನಿರ್ಣಯವಾಗುತ್ತದೆ.

ರಂಗನಾಥನ್ ಅವರದೇ ‘ಕೋಲನ್ ವರ್ಗೀಕರಣ’ದಲ್ಲಿ (1933) ಒಂದು ಸಣ್ಣ ನಿಯಮವಿದೆ. ಪುಸ್ತಕದ ಸಂಖ್ಯೆಯಲ್ಲಿ ಭಾಷೆಗೆ ಒಂದು ಚಿಹ್ನೆ ಸಲ್ಲುತ್ತದೆ. ಆದರೆ ಆ ಗ್ರಂಥಾಲಯದಲ್ಲಿ ಹೆಚ್ಚು ಪುಸ್ತಕಗಳಿರುವ ಭಾಷೆಗೆ ಚಿಹ್ನೆಯನ್ನು ಬಿಡಬಹುದು. ಕೆಲಸದ ಹೊರೆ ಇಳಿಸುವ ಜಾಣ ಉಪಾಯವಿದು, ತಪ್ಪೇನೂ ಅಲ್ಲ. ಆದರೂ ಬಹುಸಂಖ್ಯಾತ ನುಡಿಯು ಗುರುತೇ ಬೇಡದಷ್ಟು ಸಹಜವಾಗಿ, ಉಳಿದ ನುಡಿಗಳು ಚಿಹ್ನೆ ಹೊತ್ತು ನಿಲ್ಲುವ ಆ ಕಪಾಟು ಗಡಿನಾಡಿನ ಓದುಗನಿಗೆ ಬಹಳ ಪರಿಚಿತ.

ಸ್ವಯಂಸೇವೆಯ ಮೇಲೆ ನಿಂತ ಗ್ರಂಥಾಲಯಗಳಲ್ಲಿ ರಂಗನಾಥನ್ ಅವರಿಗೆ ಹೆಚ್ಚಿನ ಭರವಸೆಯಿರಲಿಲ್ಲ. ಕರ ಮತ್ತು ಕಾನೂನಿಲ್ಲದೆ ಗ್ರಂಥಾಲಯ ಬಾಳದು ಎಂಬುದು ಅವರ ನಿಲುವು. ಈ ನಿಲುವನ್ನು ಪರೀಕ್ಷೆಗೊಡ್ಡಬೇಕಾದದ್ದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ. 1967ರ ಮಹಾರಾಷ್ಟ್ರ ಕಾಯಿದೆಯಲ್ಲಿ ಗ್ರಂಥಾಲಯ ಕರವೇ ಇಲ್ಲ. ಜನರ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ಪಿ. ಎನ್. ಪಣಿಕ್ಕರ್ ಅವರು 1945ರಿಂದ ಕಟ್ಟಿದ ಚಳವಳಿಯ ನೆಲವಾದ ಕೇರಳದಲ್ಲಿ 1989ರ ಕಾಯಿದೆ ಕರವನ್ನೂ ಇಟ್ಟುಕೊಂಡು, ಊರವರ ಗ್ರಂಥಾಲಯಗಳನ್ನೂ ಉಳಿಸಿಕೊಂಡಿತು. ಶಾಸ್ತ್ರದ ಕಣ್ಣಿಗೆ ಇವು ಅಪೂರ್ಣ ಮಾದರಿಗಳು. ಸಣ್ಣ ನುಡಿಯವರಿಗೆ ಮಾತ್ರ ಇಲ್ಲೊಂದು ಬಾಗಿಲಿದೆ: ಹತ್ತು ಜನ ಕೂಡಿ ಕನ್ನಡ ಗ್ರಂಥಾಲಯವೊಂದನ್ನು ತೆರೆದು ಮಾನ್ಯತೆ ಕೇಳಬಹುದು. ಜಿಲ್ಲಾ ಪ್ರಾಧಿಕಾರದ ಶಾಖೆಯಲ್ಲಿ ಅದೇ ಹತ್ತು ಜನ ಕೋರಿಕೆ ಪತ್ರ ಬರೆದು ಕಾಯಬೇಕು. ಎರಡನೆಯ ಸೂತ್ರದ ಹೊಣೆಯನ್ನು ರಂಗನಾಥನ್ ಸರ್ಕಾರ, ಪ್ರಾಧಿಕಾರ, ಸಿಬ್ಬಂದಿ, ಓದುಗ ಎಂದು ನಾಲ್ವರಿಗೆ ಹಂಚಿದ್ದರು. ಗಡಿನಾಡಿನಲ್ಲಿ ಅದರ ಹೆಚ್ಚಿನ ಪಾಲು ನಾಲ್ಕನೆಯವನ ಹೆಗಲಿಗೇ ಬಿದ್ದಿದೆ.