ನೋಟಕನ ನಡಿಗೆ: ಮುಸೋರ್ಗ್‌ಸ್ಕಿಯ ಚಿತ್ರಸಂಗೀತ

ರಾಗಗಳಿಗೆ ಧ್ಯಾನಮೂರ್ತಿಗಳನ್ನು ಕಲ್ಪಿಸಿ ಚಿತ್ರಿಸುವ ಸಂಪ್ರದಾಯವು ನಮ್ಮಲ್ಲಿ ಪ್ರಸಿದ್ಧವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿಯೂ ಅಂತಹ ರಾಗಚಿತ್ರಗಳುಂಟು. ಇದಕ್ಕೆ ವಿಪರೀತವಾಗಿ ಚಿತ್ರದಿಂದ ನಾದಕ್ಕೆ ಸಾಗುವ ಮಾರ್ಗವನ್ನು ರಷ್ಯದ ಮೊಡೆಸ್ಟ್ ಮುಸೋರ್ಗ್‌ಸ್ಕಿಯು 1874ರಲ್ಲಿ ಪಿಯಾನೋ ವಾದ್ಯಕ್ಕಾಗಿ ರಚಿಸಿದ ‘ಪ್ರದರ್ಶನದ ಚಿತ್ರಗಳು’ ಎಂಬ ಕೃತಿಯಲ್ಲಿ ಕಾಣಬಹುದು.

ಅವನ ಮಿತ್ರನೂ ವಾಸ್ತುಶಿಲ್ಪಿಯೂ ಚಿತ್ರಕಾರನೂ ಆದ ವಿಕ್ಟರ್ ಹಾರ್ಟ್‌ಮನ್ನನು 1873ರಲ್ಲಿ ಅಕಾಲಮರಣಕ್ಕೀಡಾದನು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆದ ಅವನ ಕೃತಿಗಳ ಪ್ರದರ್ಶನವೇ ಈ ಸಂಗೀತಕ್ಕೆ ಮೂಲ. ಇದರಲ್ಲಿ ಚಿತ್ರಖಂಡಗಳು ಹತ್ತು. ಇವುಗಳ ಆದಿಯಲ್ಲಿಯೂ ಕೆಲವುಗಳ ನಡುವೆಯೂ ‘ವಿಹಾರ’ವೆಂಬ ಭಾಗವು ಬರುತ್ತದೆ. ಐದು ಮತ್ತು ಆರು ಮಾತ್ರೆಗಳ ಗಣಗಳು ಬೆರೆತ ಅದರ ಲಯವು, ಒಂದು ಚಿತ್ರದಿಂದ ಮತ್ತೊಂದಕ್ಕೆ ಹೋಗುವ ನೋಟಕನ ಹೆಜ್ಜೆಯನ್ನು ಸೂಚಿಸುತ್ತದೆ.

ಈ ಕೃತಿಯು ಚಿತ್ರಗಳ ಅನುಕರಣವೆಂಬುದು ರೂಢಿಯ ಮಾತು. ಆದರೆ ಪ್ರದರ್ಶನದಲ್ಲಿದ್ದ ಬಹುಪಾಲು ಚಿತ್ರಗಳು ಇಂದು ಲಭ್ಯವಿಲ್ಲ. ಆದರೂ ಸಂಗೀತದ ಅರ್ಥವು ಲೋಪವಾಗಿಲ್ಲ. ಆದುದರಿಂದ ಇದರ ವಸ್ತುವು ಚಿತ್ರವಲ್ಲ, ಚಿತ್ರವನ್ನು ಕಂಡವನ ಚಿತ್ತ. ‘ಬಿಡ್ಲೊ’ ಎಂಬ ಎತ್ತಿನ ಗಾಡಿಯ ಖಂಡವೇ ಇದಕ್ಕೆ ಸಾಕ್ಷಿ. ಮೂಲದಲ್ಲಿ ಅದು ಆರಂಭದಲ್ಲಿಯೇ ಮಹಾಘೋಷದಿಂದ ಎದುರಿಗೆ ನಿಲ್ಲುತ್ತದೆ. ರಿಮ್‌ಸ್ಕಿ-ಕೊರ್ಸಕೋವನು ಸಂಸ್ಕರಿಸಿದ 1886ರ ಮುದ್ರಣದಲ್ಲಿಯಾದರೋ ಧ್ವನಿಯು ಮಂದವಾಗಿ ಹೊರಟು ಕ್ರಮೇಣ ಏರುತ್ತದೆ. ಆ ಪಾಠವನ್ನೇ ಅನುಸರಿಸಿ 1922ರಲ್ಲಿ ರವೆಲನು ಸಿದ್ಧಪಡಿಸಿದ ವಾದ್ಯವೃಂದದ ರೂಪವು ಅತ್ಯಂತ ಮನೋಹರವಾದುದೇ ಸರಿ. ಆದರೂ ಈ ತಿದ್ದುಪಡಿಯಿಂದ ನೋಟಕನು ದಾರಿಯ ಬದಿಯಲ್ಲಿ ಗಾಡಿಗಾಗಿ ಕಾಯುವವನಾಗುತ್ತಾನೆ. ಗೋಡೆಯ ಮೇಲಿನ ಚಿತ್ರವು ಒಮ್ಮೆಲೇ ಕಣ್ಣನ್ನು ತಾಕುವ ಆಘಾತವು ನಷ್ಟವಾಗುತ್ತದೆ.

ಕೃತಿಯ ಹೃದಯವಿರುವುದು ಪ್ಯಾರಿಸ್ಸಿನ ನೆಲದಡಿಯ ಶವಗುಹೆಗಳ ಖಂಡದಲ್ಲಿ. ಆ ಚಿತ್ರದಲ್ಲಿ ಹಾರ್ಟ್‌ಮನ್ನನು ತನ್ನನ್ನೇ ಚಿತ್ರಿಸಿಕೊಂಡಿದ್ದನು. ಅಲ್ಲಿಯವರೆಗೆ ಚಿತ್ರಗಳ ಹೊರಗೇ ನಡೆದಾಡುತ್ತಿದ್ದ ವಿಹಾರದ ಸ್ವರವು ಇಲ್ಲಿ ಶೋಕದ ಛಾಯೆಯನ್ನು ತಾಳಿ ಚಿತ್ರದೊಳಗೆ ಪ್ರವೇಶಿಸುತ್ತದೆ. ಬದುಕಿರುವ ಮಿತ್ರನು ಮೃತನಾದ ಮಿತ್ರನನ್ನು ಕೂಡಿಕೊಳ್ಳುತ್ತಾನೆ. ಕಡೆಯ ಖಂಡವಾದ ಕೀವ್ ನಗರದ ಮಹಾದ್ವಾರದಲ್ಲಿ ಅದೇ ಸ್ವರವು ಘಂಟಾನಾದದೊಡನೆ ಬೆರೆಯುತ್ತದೆ. ಹಾರ್ಟ್‌ಮನ್ನನು ರೂಪಿಸಿದ ಆ ದ್ವಾರವನ್ನು ಯಾರೂ ಕಟ್ಟಲಿಲ್ಲ. ಅವನು ಬಿಟ್ಟುಹೋದದ್ದು ಅದರ ನಕ್ಷೆಯನ್ನು ಮಾತ್ರ. ಆ ನಕ್ಷೆಗೆ ಎತ್ತರವನ್ನೂ ಭಾರವನ್ನೂ ಕೊಟ್ಟುದು ಮಿತ್ರನ ಸಂಗೀತ. ಚಿತ್ರವನ್ನು ನಾದವಾಗಿಸಲು ಯತ್ನಿಸುವವರು ಇದರಿಂದ ಗ್ರಹಿಸತಕ್ಕುದು ಇಷ್ಟು: ಬಣ್ಣಕ್ಕೆ ಸಮನಾದ ಸ್ವರವನ್ನು ಹುಡುಕುವುದಕ್ಕಿಂತ ನೋಡಿದವನಲ್ಲಿ ಉಂಟಾದ ಮಾರ್ಪಾಟನ್ನು ಹಿಡಿಯುವುದು ಮುಖ್ಯ.