ಅಂಟು, ನಂಟು ಮತ್ತು ಅತಿಥಿ ಅಣು: ಒಂದು ರೂಪಕದ ವಿಮರ್ಶೆ

ವಿಜ್ಞಾನದ ಪರಿಭಾಷೆ ರೂಪಕಗಳಿಂದ ಮುಕ್ತವಾದುದಲ್ಲ. ಉಂಗುರಾಕಾರದ ದೊಡ್ಡ ಅಣುವೊಂದು ತನ್ನ ಪೊಳ್ಳಿನಲ್ಲಿ ಸಣ್ಣ ಸಾವಯವ ಅಣುವನ್ನು ಹಿಡಿದುಕೊಳ್ಳುವುದನ್ನು ರಸಾಯನವಿಜ್ಞಾನವು ‘ಆತಿಥೇಯ–ಅತಿಥಿ’ ಸಂಬಂಧವೆಂದು ಕರೆಯುತ್ತದೆ. ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಪೆಡರ್ಸನ್, ಕ್ರಾಮ್ ಮತ್ತು ಲೆನ್ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ರೂಪಕವನ್ನು ಕನ್ನಡದ ಗ್ರಾಮೀಣ ಓದುಗನಿಗೆ ಯಾವ ಮಾತಿನಲ್ಲಿ ಮುಟ್ಟಿಸಬೇಕೆಂಬುದು ಇಲ್ಲಿನ ಪ್ರಶ್ನೆ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದಕ್ಕೆ ಉಂಡೆ ಕೊಬ್ಬರಿಯ ಹೋಲಿಕೆ ಥಟ್ಟನೆ ಒದಗುತ್ತದೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಲವು ತಿಂಗಳು ಇರಿಸಿದರೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಡುತ್ತದೆ. ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಒಂದರೊಳಗೊಂದಿರುವ ಈ ಚಿತ್ರ ಆಕರ್ಷಕವಾದರೂ ಹೋಲಿಕೆಯಾಗಿ ನಿಲ್ಲುವುದಿಲ್ಲ. ತಿರುಳು ಚಿಪ್ಪಿನೊಳಗೇ ಬೆಳೆದದ್ದು. ಹೊರಗಿನಿಂದ ಬಂದ ಅತಿಥಿಯಲ್ಲ. ಚಿಪ್ಪನ್ನು ಒಡೆಯದೆ ಅದು ಹೊರಬರಲಾರದು.

ಅಣುಗಳ ಆತಿಥ್ಯದ ಕ್ರಮ ಬೇರೆ. ಪಿಷ್ಟದಿಂದ ಪಡೆಯುವ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ನಲ್ಲಿ 7 ಗ್ಲೂಕೋಸ್ ಘಟಕಗಳು ಉಂಗುರವಾಗಿ ಸೇರಿವೆ. ಅದರ ಎರಡು ಬಾಯಿಗಳೂ ತೆರೆದಿವೆ. ಹೊರಮೈ ನೀರಿಗೆ ಒಲಿಯುತ್ತದೆ, ಒಳಪೊಳ್ಳು ಅಷ್ಟಾಗಿ ಒಲಿಯದು. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟಿರುವ, 12 ಇಂಗಾಲದ ಪರಮಾಣುಗಳ ಲಾರಿಕ್ ಆಮ್ಲವು ನೀರಿನಲ್ಲಿ ಇದಕ್ಕೆ ಅತಿಥಿಯಾಗಬಲ್ಲದು. ಅದರ ಉದ್ದನೆಯ ಬಾಲ ಪೊಳ್ಳನ್ನು ಹೊಗುತ್ತದೆ. ಅಲ್ಲಿದ್ದ ನೀರಿನ ಅಣುಗಳು ಹೊರಬೀಳುತ್ತವೆ. ಸಹವೇಲೆನ್ಸೀಯ ಬಂಧ ಏರ್ಪಡುವುದಿಲ್ಲ. ಅಳತೆಯ ಹೊಂದಿಕೆ ಮತ್ತು ದುರ್ಬಲ ಸೆಳೆತಗಳೇ ಹಿಡಿತ. ಆದುದರಿಂದ ಅತಿಥಿ ಹೊರಹೋಗಬಹುದು, ಮರಳಿಯೂ ಬರಬಹುದು.

ಎರಡೂ ಕಡೆ ನೀರು ತೆರವಾಗುತ್ತದೆ. ಪರಿಣಾಮ ಮಾತ್ರ ವಿರುದ್ಧ. ಅಟ್ಟದ ಕಾಯಿಯಲ್ಲಿ ನೀರು ಹೋದಾಗ ಸಂಬಂಧ ಕಳಚುತ್ತದೆ. ಅಣುವಿನ ಪೊಳ್ಳಿನಲ್ಲಿ ನೀರು ಹೋದಾಗ ಸಂಬಂಧ ಕೂಡುತ್ತದೆ. ಹೊರನೋಟದ ಸಾಮ್ಯವನ್ನೇ ನೆಚ್ಚಿದ ಹೋಲಿಕೆ ವಿದ್ಯಾರ್ಥಿಗೆ ಈ ಮುಖ್ಯ ಸಂಗತಿಯನ್ನೇ ತಲೆಕೆಳಗಾಗಿ ಕಲಿಸುತ್ತದೆ.

ಜನಪದರ ಕೊಡುಗೆಯನ್ನು ವಸ್ತುವಿನಲ್ಲಿ ಅಲ್ಲ, ನುಡಿಯಲ್ಲಿ ಅರಸುವುದು ಯುಕ್ತ. ಮನೆಗೆ ಬಂದವನನ್ನು ಆಡುಮಾತು ‘ನೆಂಟ’ ಎನ್ನುತ್ತದೆ. ಅದು ‘ನಂಟು’ ಎಂಬುದರ ಬಳಗದ ಪದ. ‘ಅಂಟುನಂಟು’ ಎಂಬ ಜೋಡುನುಡಿಯೂ ಬಳಕೆಯಲ್ಲಿದೆ. ಅಂಟಿದ್ದನ್ನು ಬಿಡಿಸಲು ಕೀಳಬೇಕು. ನೆಂಟ ತಾನಾಗಿ ಬಂದು, ಇದ್ದು, ಹೋಗುತ್ತಾನೆ, ಆತಿಥೇಯನೂ ಅತಿಥಿಯೂ ತಮ್ಮತನ ಕಳೆದುಕೊಳ್ಳುವುದಿಲ್ಲ. ಸಹವೇಲೆನ್ಸೀಯ ಬಂಧಕ್ಕೂ ಆತಿಥ್ಯಬಂಧಕ್ಕೂ ಇರುವ ಭೇದವನ್ನು ತಿಳಿಸಲು ಈ ಜೋಡಿ ಸಾಲುತ್ತದೆ.

ಇದರಿಂದ ಪೂರ್ವಿಕರಿಗೆ ಅಣುವಿಜ್ಞಾನ ತಿಳಿದಿತ್ತೆಂದು ವಾದಿಸುವುದು ಜಾನಪದಕ್ಕೂ ವಿಜ್ಞಾನಕ್ಕೂ ಅಪಚಾರ. ಬಂಧಗಳ ತರತಮವನ್ನು ಗುರುತಿಸುವ ಮಾತು ಅವರಲ್ಲಿತ್ತು ಎಂಬಷ್ಟೇ ಇಲ್ಲಿ ಸಿದ್ಧವಾಗುತ್ತದೆ. ಕನ್ನಡದ ಪಾರಿಭಾಷಿಕ ಪದರಚನೆಗೆ ಅಷ್ಟು ಆಧಾರ ಅಲ್ಪವೇನಲ್ಲ.