ಕಂಚಿನಲ್ಲಿ ಉಳಿದ ಕುಂಚ

ಚೀನದ ಪ್ರಾಚೀನ ಕಂಚಿನ ಪಾತ್ರೆಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಅವುಗಳ ಹೊರಮೈಯ ಅಲಂಕಾರವನ್ನು ಕಂಡೇ ತೃಪ್ತರಾಗುತ್ತಾರೆ. ನನಗಾದರೋ ಒಳಮೈಯೇ ಹೆಚ್ಚು ರುಚಿಸುತ್ತದೆ. ಬರಹವಿರುವುದು ಅನೇಕವೇಳೆ ಅಲ್ಲಿಯೇ. ಇದು ನಮ್ಮ ತಾಮ್ರಶಾಸನಗಳಂತೆ ಲೋಹದ ಮೇಲೆ ಕೊರೆದ ಬರಹವಲ್ಲ. ಅಕ್ಷರಗಳನ್ನು ಮಣ್ಣಿನ ಅಚ್ಚಿನಲ್ಲಿಯೇ ಅಣಿಮಾಡಿ ಪಾತ್ರೆಯೊಡನೆ ಎರಕ ಹೊಯ್ಯುತ್ತಿದ್ದರು. ಕುಂಚದ ದಪ್ಪ ತೆಳುವುಗಳು ಕಂಚಿನಲ್ಲಿಯೂ ಉಳಿದುದು ಹೀಗೆ.

ಶಾಂಗ್ ಅರಸರ ಕಾಲದ ಪಾತ್ರೆಗಳಲ್ಲಿ ಬಹುಮಟ್ಟಿಗೆ ಇರುವುದು ಕುಲದ ಗುರುತು, ಹಿರಿಯರೊಬ್ಬರ ಹೆಸರು, ಇಷ್ಟೆ. ಕ್ರಿ. ಪೂ. 11ನೆಯ ಶತಮಾನದಲ್ಲಿ ಚೌ ವಂಶ ಬಂದ ಮೇಲೆ ಬರಹಕ್ಕೆ ಮಾತು ಬಂತು. ‘ದಾ ಯೂ ದಿಂಗ್’ ಎಂಬ ಮುಕ್ಕಾಲಿ ಪಾತ್ರೆಯಲ್ಲಿ 291 ಅಕ್ಷರಗಳುಂಟು. ಶಾಂಗರು ಕುಡಿದು ಕೆಟ್ಟರೆಂದು ಅರಸನು ತನ್ನ ಅಧಿಕಾರಿಗೆ ಹೇಳುವ ಬುದ್ಧಿಮಾತೂ ಅದರಲ್ಲಿದೆ! ಗೆರೆಗಳು ನಡುವೆ ಉಬ್ಬಿ ತುದಿಯಲ್ಲಿ ಚೂಪಾಗುತ್ತವೆ. ಬರೆದವನ ಕೈಯ ಭಾರ ಎಲ್ಲಿ ಬಿತ್ತೆಂದು ಕಣ್ಣಿಗೆ ಕಾಣುತ್ತದೆ.

ಮುಂದಿನ ಎರಡು ಶತಮಾನಗಳಲ್ಲಿ ಈ ಉಬ್ಬುತಗ್ಗು ಕರಗಿ ಗೆರೆ ಒಂದೇ ಸಮನಾಯಿತು, ಸಾಲುಗಳು ನೆಟ್ಟಗಾದುವು. ಇದನ್ನು ಪ್ರಗತಿಯೆಂದು ಕರೆಯುವ ರೂಢಿಯಿದೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಯುದ್ಧದ ಗೆಲವನ್ನು ಸಾರುವ ‘ಗುವೊ ಜಿ ಜಿಬಾಯ್’ ತೊಟ್ಟಿಯ 111 ಅಕ್ಷರಗಳನ್ನು ನೋಡಿರಿ: ವಿಶಾಲವಾದ ಅಂತರ, ತೂಕ ತಪ್ಪದ ನಿಲುವು. ಮುಂದೆ ಚಿನ್ ರಾಜ್ಯದಲ್ಲಿ ಬೆಳೆದ ಮುದ್ರಾಲಿಪಿಯ ಮುನ್ಸೂಚನೆ ಇಲ್ಲಿದೆ. ಸುಂದರವೇನೋ ಹೌದು, ಆದರೆ ದರ್ಬಾರಿನಲ್ಲಿ ಕೈಕಟ್ಟಿ ನಿಂತವರ ಸೌಂದರ್ಯ ಅದು. ಅದೇ ಪಶ್ಚಿಮ ಚೌ ಯುಗದ ಉತ್ತರಾರ್ಧಕ್ಕೆ ಸೇರಿದ ‘ಸಾನ್’ ಮನೆತನದ ಹರಿವಾಣವಾದರೋ ಎರಡು ನೆರೆಸಂಸ್ಥಾನಗಳ ಜಮೀನಿನ ಎಲ್ಲೆಕಟ್ಟನ್ನು ದಾಖಲಿಸುವ ಒಣ ಕಾಗದಪತ್ರ. ವಿಷಯದಲ್ಲಿ ಕಾವ್ಯದ ಸೋಂಕೂ ಇಲ್ಲ. ಆದರೂ ಅದರ ಸುಮಾರು 350 ಅಕ್ಷರಗಳು ಕುಳ್ಳಗೆ, ಅಗಲವಾಗಿ, ಒಂದರ ಕಡೆಗೊಂದು ವಾಲಿಕೊಂಡು, ಸಂತೆಗೆ ಹೊರಟ ಜನರಂತೆ ಸಾಗುತ್ತವೆ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಹಿಂದುಮುಂದು ನೋಡದೆ ಸಾನ್ ಹರಿವಾಣವನ್ನೇ ಆರಿಸುತ್ತೇನೆ.

ದಕ್ಷಿಣದ ರಾಜ್ಯಗಳಲ್ಲಿ ಹುಟ್ಟಿದ ‘ಪಕ್ಷಿಲಿಪಿ’ಯ ದಾರಿ ಬೇರೆ. 1965ರಲ್ಲಿ ಹುಬೇಯಲ್ಲಿ ದೊರೆತ ಯುವೆ ಅರಸ ಗೌಜಿಯನ್‌ನ ಖಡ್ಗದ ಮೇಲೆ ಎಂಟೇ ಅಕ್ಷರ. ಅಲಂಕಾರದ ಕೊಕ್ಕು ಬಾಲಗಳ ನಡುವೆ ಅಕ್ಷರವನ್ನು ಹುಡುಕಿ ತೆಗೆಯಬೇಕು. ಮೋಹಕವಾದ ಕೆಲಸ, ಓದಿಗೆ ಒದಗದು.

ಈ ಬರಹಗಳಿಗೆ ಎರಡನೆಯ ಜನ್ಮವೂ ಆಯಿತು. ಚಿಂಗ್ ಕಾಲದ ವಿದ್ವಾಂಸರು ಮಸಿಯ ಪಡಿಯಚ್ಚು ತೆಗೆದು ಅಭ್ಯಾಸ ಮಾಡಿದರು. ಲೀ ರುಯಿಚಿಂಗ್ (1867–1920) ಹಳೆಯ ಲೋಹದ ಸವೆತವನ್ನು ಕಾಗದಕ್ಕೆ ಇಳಿಸಲೆಂದು ಕುಂಚವನ್ನು ನಡುಗಿಸಿಯೇ ಬರೆಯುತ್ತಿದ್ದರು. ಅವರ ಶ್ರದ್ಧೆ ದೊಡ್ಡದು. ಆದರೆ ಆ ನಡುಕ ಮೂಲ ಬರಹಗಾರನದಲ್ಲ. ಮಣ್ಣಿನದು, ತುಕ್ಕಿನದು, ಮೂರು ಸಾವಿರ ವರ್ಷದ್ದು. ಸಾನ್ ಹರಿವಾಣವನ್ನು ಬರೆದವನ ಕೈ ನಡುಗಿರಲಿಲ್ಲ.